ಎತ್ತರದ ಬಡಗಿಗೆ ಯಾವುದು ವಾಸಿ: ಬೆಂಚಿನ ಕಾಲು ಏರಿಸುವುದೋ, ಮೇಲೊಂದು ಸಣ್ಣ ಬೆಂಚೋ?

ಕಲಬುರಗಿಯಲ್ಲಿ ಸಿಗುವ ಕೆಲಸದ ಟೇಬಲ್ ಹೆಚ್ಚಾಗಿ 30–32 ಇಂಚು ಎತ್ತರ. ಆರಡಿ ದಾಟಿದವರು ಅದರ ಮೇಲೆ ದಿನವಿಡೀ ಬಗ್ಗಿದರೆ ಸೊಂಟ ಹಿಡಿಯುತ್ತದೆ, ಅಲ್ವಾ? ಮೊದಲು ಚಪ್ಪಲಿ ಹಾಕಿಕೊಂಡೇ ನಿಂತು, ಕೈ ಇಳಿಬಿಟ್ಟು, ಮಣಿಕಟ್ಟಿನ ಎತ್ತರ ಅಳೆಯಿರಿ. ಆರಡಿಯವರಿಗೆ ಸುಮಾರು 35 ಇಂಚು ಬರುತ್ತದೆ.

ರಂದಾ (ಮರ ಕೆರೆದು ನುಣುಪು ಮಾಡುವ ಉಪಕರಣ) ಹೊಡೆಯುವುದೇ ಜಾಸ್ತಿ ಇದ್ದರೆ ಬೆಂಚಿನ ಕಾಲು ಏರಿಸಿ. ಬೆಂಚು ಮಣಿಕಟ್ಟಿನ ಮಟ್ಟದಲ್ಲೋ ತುಸು ಕೆಳಗೋ ಇರಲಿ. ಆಗ ತೋಳಿನ ಬಲವಷ್ಟೇ ಅಲ್ಲ, ಮೈಭಾರವೂ ಕೆಲಸಕ್ಕೆ ಬರುತ್ತದೆ. ಇನ್ನೂ ಎತ್ತರ ಮಾಡಿದರೆ ಭುಜ ಸೋಲುತ್ತದೆ. ಕಾಲಿನ ಕೆಳಗೆ ಶಹಾಬಾದ್ ಕಲ್ಲಿನ ತುಂಡು ಸುಮ್ನೆ ಇಡುವುದು ಇಲ್ಲಿ ರೂಢಿ. ನನಗದು ಒಪ್ಪಿಗೆಯಿಲ್ಲ. ತಳ್ಳಿದಾಗ ಕಾಲು ಜಾರುತ್ತದೆ. ದಪ್ಪ ಮರದ ಉದ್ದ ಪಟ್ಟಿಯನ್ನು ಎರಡೆರಡು ಕಾಲಿಗೆ ಸೇರಿಸಿ ಬೋಲ್ಟ್ ಹಾಕಿ. ಖರ್ಚು ಕಡಿಮೆ, ಬೆಂಚು ಅಲುಗುವುದಿಲ್ಲ.

ಉಳಿಯಿಂದ ಮರದ ಜೋಡಣೆಗೆ ಕಚ್ಚು ಕೊರೆಯುವುದು, ಕೆತ್ತನೆ, ಸಣ್ಣ ಗರಗಸದ ಕೆಲಸ ಇದ್ದರೆ ಮಾತು ಬೇರೆ. ಇವಕ್ಕೆ ಕಣ್ಣು ಗುರುತಿನ ಹತ್ತಿರ ಇರಬೇಕು. ಇದ್ದ ಬೆಂಚಿನ ಮೇಲೆ 6–8 ಇಂಚಿನ ಸಣ್ಣ ಬೆಂಚು ಇಟ್ಟು ಕ್ಲ್ಯಾಂಪ್ ಬಿಗಿಯಿರಿ. ಬೇಡವಾದಾಗ ಎತ್ತಿಟ್ಟರಾಯಿತು. ಒಂದೇ ಬೆಂಚಿನಲ್ಲಿ ಕುಳ್ಳಗಿನವರೂ ಕೆಲಸ ಮಾಡುವ ಅಂಗಡಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಇದರ ಮೇಲೆ ಜೋರಾಗಿ ರಂದಾ ಹೊಡೆಯಬೇಡಿ, ನಡುಗುತ್ತದೆ.

ಕೊರೆಯುವ ಮಷೀನನ್ನು ಎತ್ತರದ ಸ್ಟ್ಯಾಂಡಿಗೆ ಬೋಲ್ಟ್ ಹಾಕಿದರೆ ಸಾಕು. ಟೇಬಲ್ ಗರಗಸ ಏರಿಸುವಾಗ ಮಾತ್ರ ತಳವನ್ನೂ ಅಗಲ ಮಾಡಲೇಬೇಕು, ಇಲ್ಲದಿದ್ದರೆ ದೊಡ್ಡ ಹಲಗೆ ತಳ್ಳುವಾಗ ವಾಲುತ್ತದೆ.