ತೋಟದ ಪಾಳಿಗೆ ಗೂಗಲ್ ಶೀಟ್ಸ್: ನಾಲ್ಕು ಸ್ಟಾರ್

ಜಯನಗರದ ನಮ್ಮ ಬೀದಿಯ ಸಮುದಾಯ ತೋಟವನ್ನು ನಾನೂ ಪಕ್ಕದ ಮನೆ ರಾಯರೂ ಸೇರಿ ನೋಡಿಕೊಳ್ಳುತ್ತೇವೆ. ಗಿಡಗಳದ್ದು ಸುಲಭ, ಜನರದ್ದೇ ಕಷ್ಟ. ಇವತ್ತು ನೀರು ಯಾರದು, ಗೇಟಿನ ಬೀಗದ ಕೈ ಯಾರ ಹತ್ತಿರ ಎಂಬುದೆಲ್ಲ ವಾಟ್ಸಾಪ್ ಗ್ರೂಪಿನ ಗುಡ್ ಮಾರ್ನಿಂಗ್ ಹೂಗಳಡಿ ಹೂತುಹೋಗುತ್ತಿತ್ತು. ಸ್ವಯಂಸೇವಕರಿಗೆಂದೇ ಮಾಡಿದ ಒಂದು ಆ್ಯಪ್ ಹಾಕಿಸಿದೆವು. ಲಾಗಿನ್, ಓಟಿಪಿ ಅನ್ನುವಷ್ಟರಲ್ಲಿ ಅರ್ಧ ಜನ ಜಾಗ ಖಾಲಿ ಮಾಡಿದರು.

ಈಗಿರುವುದು ಗೂಗಲ್ ಶೀಟ್ಸ್, ಅಂದರೆ ಹಲವರು ಸೇರಿ ತುಂಬಬಹುದಾದ ಆನ್‌ಲೈನ್ ಕೋಷ್ಟಕ. ಕಾಸು ಖರ್ಚಿಲ್ಲ, ಕನ್ನಡದಲ್ಲೇ ಬರೆಯಬಹುದು. ಪಾಳಿಯ ಹಾಳೆಯನ್ನು ನಮ್ಮ ತೋಟದವರೆಲ್ಲರೂ ತಿದ್ದಬಹುದು. ಬೇವಿನ ಹಿಂಡಿ, ಕೋಕೋಪೀಟ್ ತಂದ ಲೆಕ್ಕದ ಹಾಳೆಗೆ ಮಾತ್ರ ಬೀಗ, ನಾವಿಬ್ಬರೇ ತಿದ್ದುತ್ತೇವೆ. ಗೊಬ್ಬರದ ಗುಂಡಿ ಮಗುಚಿದ ತಾರೀಖಿಗೂ ಒಂದು ಕಾಲಂ ಇದೆ. ಅದು ಖಾಲಿ ಬಿದ್ದರೆ ವಾಸನೆಯೇ ಹೇಳಿಬಿಡುತ್ತದೆ, ಆ ಮಾತು ಬೇರೆ.

ನನಗೆ ತುಂಬ ಹಿಡಿಸಿದ್ದು ಹಳೆಯ ಆವೃತ್ತಿ ನೋಡುವ ಸೌಲಭ್ಯ. "ಭಾನುವಾರ ನನ್ನ ಹೆಸರೇ ಇರಲಿಲ್ಲವಲ್ಲ ಮೇಡಂ" ಎಂದ ಮಹಾನುಭಾವರೊಬ್ಬರಿಗೆ, ಶನಿವಾರ ರಾತ್ರಿ ಅವರೇ ಹೆಸರು ಅಳಿಸಿದ್ದನ್ನು ರಾಯರು ತೆರೆದು ತೋರಿಸಿದರು. "ಓ, ಕೈ ತಾಗಿರಬೇಕು ಸಾರ್." ಆದರೆ ಲಿಂಕ್ ಇದ್ದವರೆಲ್ಲ ತಿದ್ದಲಿ ಅಂತ ಬಿಡಬೇಡಿ, ಲಾಗಿನ್ ಇಲ್ಲದೆ ಬಂದವರ ಹೆಸರು ಕಾಣುವುದಿಲ್ಲ. ಒಬ್ಬೊಬ್ಬರ ಇಮೇಲ್ ಹಾಕಿಯೇ ಹಂಚಿ.

ಫೋನಿನಲ್ಲಿ ಹೆಸರಿನ ಕಾಲಂ ಸರಿಯದಂತೆ ಫ್ರೀಜ್ ಮಾಡಿಡಿ, ಇಲ್ಲದಿದ್ದರೆ ಪಕ್ಕಕ್ಕೆ ಸರಿಸಿದಾಗ ಯಾರ ಸಾಲೆಂದೇ ತಿಳಿಯದು. ಒಂದು ಸ್ಟಾರ್ ಕಡಿತ ಯಾಕೆಂದರೆ, ಶೀಟ್ ತೆರೆದೇ ನೋಡದವರಿಗೆ ಇದರಿಂದ ಉಪಯೋಗವಿಲ್ಲ. ಎದುರು ಮನೆ ಅಜ್ಜಿಗಾಗಿ ವಾರಕ್ಕೊಮ್ಮೆ ಪ್ರಿಂಟ್ ತೆಗೆದು ಗೇಟಿಗೆ ಅಂಟಿಸುತ್ತೇವೆ. ಅವರು ಒಂದು ಪಾಳಿಯೂ ತಪ್ಪಿಸಿಲ್ಲ.