ದ್ರೋಹಿಗೆ ನೆಪ ಕೊಡುವ ಆಟ ಯಾವುದು? ಮೂರು ಬೋರ್ಡ್ ಗೇಮ್‌ಗಳ ಹೋಲಿಕೆ

ಎಲ್ಲರೂ ಒಂದೇ ಪಕ್ಷವಾಗಿ ಆಡುವ ಬೋರ್ಡ್ ಗೇಮ್‌ಗಳಿಗೆ ಒಂದು ಹಳೇ ಕಾಯಿಲೆ ಇದೆ. ನಿಯಮ ಚೆನ್ನಾಗಿ ಬಲ್ಲ ಒಬ್ಬರು ಎಲ್ಲರ ಸರದಿಯನ್ನೂ ತಾವೇ ಆಡಿಬಿಡುತ್ತಾರೆ. "ನೀನು ಅಲ್ಲಿಗೆ ಹೋಗು, ನೀನು ಆ ಕಾರ್ಡ್ ಹಾಕು" ಎಂದು ಶುರುವಾದರೆ ಉಳಿದವರಿಗೆ ಕಾಯಿ ನಡೆಸುವ ಕೆಲಸ ಮಾತ್ರ. ಗುಂಪಿನೊಳಗೆ ಒಬ್ಬ ಗುಪ್ತ ದ್ರೋಹಿ ಇರಬಹುದು ಎಂದಾದ ಕೂಡಲೇ ಈ ಕಾಯಿಲೆ ಇಳಿಯುತ್ತದೆ, ಏಕೆಂದರೆ ಸಲಹೆ ಕೊಡುವವರನ್ನೇ ನಂಬುವ ಹಾಗಿಲ್ಲ.

ಆದರೆ ದ್ರೋಹಿ ಇದ್ದ ಮಾತ್ರಕ್ಕೆ ಆಟ ಕಳೆಕಟ್ಟುವುದಿಲ್ಲ. ದ್ರೋಹಿ ಮಾಡಿದ ಕೆಡುಕು ದುರದೃಷ್ಟದಂತೆಯೋ ಸ್ವಾರ್ಥದಂತೆಯೋ ಕಾಣಬೇಕು. ಅಂದರೆ ನೆಪ ಬೇಕು, ಆ ನೆಪವನ್ನು ಆಟದ ನಿಯಮವೇ ಒದಗಿಸಬೇಕು. ಆಡುವವರ ನಟನೆಗೆ ಬಿಟ್ಟರೆ ಸುಳ್ಳು ಹೇಳಲು ಬಾರದವರು ಪ್ರತಿ ಸಲವೂ ಸಿಕ್ಕಿಬೀಳುತ್ತಾರೆ, ನಾಲ್ಕನೇ ಸಲಕ್ಕೆ ಆಡಲು ಬರುವುದಿಲ್ಲ. ಕೋಟೆ ಕಾಯುವ ಯೋಧರ ಶಾಡೋಸ್ ಓವರ್ ಕ್ಯಾಮೆಲಾಟ್ (2005), ಬಾಹ್ಯಾಕಾಶದ ಹಡಗು ಉಳಿಸುವ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ (2008), ಜಾಂಬಿಗಳ (ನಡೆದಾಡುವ ಶವಗಳ) ನಡುವೆ ಬದುಕುಳಿಯುವ ಡೆಡ್ ಆಫ್ ವಿಂಟರ್ (2014) ಈ ಮೂರನ್ನೂ ಮುಖ್ಯವಾಗಿ ಐದು ಜನರ ಗುಂಪಿನಲ್ಲಿ ಆಡಿ, ಈ ಒಂದೇ ಅಳತೆಗೋಲಿನಲ್ಲಿ ಇಲ್ಲಿ ತೂಗಿದ್ದೇವೆ.

ದ್ರೋಹಿ ಇದ್ದಾರೆಯೇ?

ಪೆಟ್ಟಿಗೆ ತೆರೆದವರು ಮೊದಲು ಮಾಡಬೇಕಾದ ಲೆಕ್ಕ ಇದು. ಕ್ಯಾಮೆಲಾಟ್‌ನಲ್ಲಿ 8 ನಿಷ್ಠೆ ಕಾರ್ಡ್‌ಗಳಿವೆ: 7 ನಿಷ್ಠರು, 1 ದ್ರೋಹಿ. ಐವರಿಗೆ ಒಂದೊಂದು ಹಂಚಿದರೆ ದ್ರೋಹಿ ಮೇಜಿನ ಸುತ್ತ ಇರುವ ಸಾಧ್ಯತೆ 62.5%, ಏಳು ಜನರಿದ್ದರೆ 87.5%, ಮೂವರಿದ್ದರೆ ಬರೀ 37.5%.

ಡೆಡ್ ಆಫ್ ವಿಂಟರ್‌ನಲ್ಲಿ ತಲೆಗೆ ಎರಡರಂತೆ ಸಾಮಾನ್ಯ (ದ್ರೋಹವಲ್ಲದ) ಗುಟ್ಟಿನ ಗುರಿಯ ಕಾರ್ಡ್ ಎಣಿಸಿ, ಅದಕ್ಕೆ ಒಂದು ದ್ರೋಹದ ಕಾರ್ಡ್ ಸೇರಿಸಿ ಕಲಸಬೇಕು. ಐವರಿಗೆ 11 ಕಾರ್ಡ್, ಹಂಚುವುದು 5. ಅಂದರೆ ಸುಮಾರು 45%. ಅರ್ಧಕ್ಕಿಂತ ಹೆಚ್ಚು ಆಟಗಳಲ್ಲಿ ದ್ರೋಹಿಯೇ ಇರುವುದಿಲ್ಲ. ಸತತ ಮೂರು ಸಲ ಹೀಗಾದರೆ ಗುಂಪು ಅನುಮಾನಪಡುವುದನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಸುಲಭದ ಮದ್ದು ಇದೆ. ಸಾಮಾನ್ಯ ಕಾರ್ಡ್‌ಗಳನ್ನು ತಲೆಗೆ ಒಂದಕ್ಕೆ ಇಳಿಸಿದರೆ 6 ಕಾರ್ಡ್‌ನಲ್ಲಿ 5 ಹಂಚಿದಂತಾಗಿ ಸಾಧ್ಯತೆ 83% ದಾಟುತ್ತದೆ. ಇದು ಮಾಮೂಲಿ ಲೆಕ್ಕವಲ್ಲ, ಆದರೆ ಆಟಕ್ಕೆ ಜೀವ ಬರುತ್ತದೆ.

ಗ್ಯಾಲಕ್ಟಿಕಾದ ಹಂಚಿಕೆ ಈ ಮೂರರಲ್ಲೇ ಜಾಣತನದ್ದು. ಐವರಿದ್ದರೆ 10 ಕಾರ್ಡ್, ಅದರಲ್ಲಿ 2 ಸೈಲಾನ್ (ಮನುಷ್ಯರ ವೇಷದ ಶತ್ರು, ಅಂದರೆ ದ್ರೋಹಿ). ಮೊದಲು ಐದು ಹಂಚುತ್ತಾರೆ, ಅರ್ಧ ದಾರಿಯಲ್ಲಿ ಉಳಿದ ಐದು. ಎರಡೂ ಸೈಲಾನ್ ಕಾರ್ಡ್ ದ್ವಿತೀಯಾರ್ಧದಲ್ಲೇ ಬರುವ ಸಾಧ್ಯತೆ 45ರಲ್ಲಿ 10, ಅಂದರೆ ಸುಮಾರು 22%. ಹಾಗಾಗಿ ಮೊದಲರ್ಧದಲ್ಲಿ ದ್ರೋಹಿ ಇಲ್ಲದೆಯೂ ಇರಬಹುದು, ಮೈಮುರಿದು ಹಡಗು ಉಳಿಸಿದವರೇ ಆಮೇಲೆ ಶತ್ರುವಾಗಲೂಬಹುದು. ಮೊದಲರ್ಧದಲ್ಲಿ ಗಳಿಸಿದ ನಂಬಿಕೆಯೇ ದ್ವಿತೀಯಾರ್ಧದ ಆಯುಧವಾಗುತ್ತದೆ.

ನಾಲ್ಕು ಅಥವಾ ಆರು ಜನರಿದ್ದರೆ ಮೂಲ ಆಟದಲ್ಲಿ 'ಸಿಂಪಥೈಸರ್' ಎಂಬ ಕಾರ್ಡ್ ಸೇರುತ್ತದೆ. ಅದು ಬಂದಾಗ ಇಂಧನ, ಆಹಾರದಂಥ ಯಾವುದಾದರೂ ಸಂಪನ್ಮೂಲ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ, ಕಾರ್ಡ್ ಪಡೆದವರು ಮನುಷ್ಯರಾಗಿಯೇ ಉಳಿದು ಸೆರೆಗೆ ಹೋಗುತ್ತಾರೆ. ಇಲ್ಲವಾದರೆ ಶತ್ರುಪಕ್ಷ ಸೇರುತ್ತಾರೆ. ಪರಿಣಾಮ ಏನೆಂದರೆ, ಮನುಷ್ಯರೇ ಬೇಕೆಂದು ಒಂದು ಸಂಪನ್ಮೂಲವನ್ನು ಕೆಂಪು ಗೆರೆಗೆ ಇಳಿಸಿ ಕಾಯುತ್ತಾರೆ. ಹಡಗು ಉಳಿಸಲು ಕೂತವರು ಅದನ್ನೇ ಹಾಳುಮಾಡುವ ಈ ಆಟಾಟೋಪ ನಮಗೆ ಹಿಡಿಸಲಿಲ್ಲ. ಸರಿಯಾಗಿ ಐದು ಜನ ಸಿಕ್ಕಾಗ ಮಾತ್ರ ಗ್ಯಾಲಕ್ಟಿಕಾ ತೆಗೆಯಿರಿ.

ಗ್ಯಾಲಕ್ಟಿಕಾದ ನೆಪ: ಎರಡು ಅಪರಿಚಿತ ಕಾರ್ಡ್

ಇಲ್ಲಿ ಹೆಚ್ಚಿನ ಬಿಕ್ಕಟ್ಟುಗಳಿಗೆ ಒಂದು ಪರೀಕ್ಷೆ. ಆಟಗಾರರು ಸರದಿಯಂತೆ ಕಾರ್ಡ್‌ಗಳನ್ನು ಮುಖ ಕೆಳಗೆ ಮಾಡಿ ಹಾಕುತ್ತಾರೆ. ಜೊತೆಗೆ 'ಡೆಸ್ಟಿನಿ' ಕಟ್ಟಿನಿಂದ ಎರಡು ಕಾರ್ಡ್ ಸೇರುತ್ತವೆ. ಎಲ್ಲವನ್ನೂ ಕಲಸಿ ತೆರೆಯಬೇಕು. ಬೇಕಾದ ಬಣ್ಣದವು ಕೂಡುತ್ತವೆ, ಬೇರೆಯವು ಕಳೆಯುತ್ತವೆ.

ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ. ಬೇಕಾದ ಬಣ್ಣ ಹಳದಿ ಮತ್ತು ಹಸಿರು, ಮುಟ್ಟಬೇಕಾದ ಮೊತ್ತ 9. ಐವರು ಸೇರಿ ಹಾಕಿದ್ದು 5 ಕಾರ್ಡ್, ಡೆಸ್ಟಿನಿಯ 2 ಸೇರಿ 7. ತೆರೆದಾಗ ಹಳದಿ 3, ಹಳದಿ 2, ಹಸಿರು 4, ಹಸಿರು 1: ಕೂಡಿದರೆ 10. ಕೆಂಪು 1, ನೀಲಿ 3, ನೇರಳೆ 2: ಕಳೆಯಬೇಕಾದ್ದು 6. ಉಳಿದದ್ದು 4, ಪರೀಕ್ಷೆ ಸೋತಿತು. ಈಗ ಎಲ್ಲರ ಕಣ್ಣೂ ಆ ಮೂರು ಕೆಟ್ಟ ಕಾರ್ಡ್‌ಗಳ ಮೇಲೆ. ಡೆಸ್ಟಿನಿ ಹೆಚ್ಚೆಂದರೆ ಎರಡನ್ನು ಹಾಕಿರಬಹುದು. ಮೂರನೆಯದು ಖಂಡಿತ ಒಬ್ಬರ ಕೈಯಿಂದಲೇ ಬಂದದ್ದು. ಎರಡೇ ಕೆಟ್ಟ ಕಾರ್ಡ್ ಬಂದಿದ್ದರೆ ಯಾರೂ ಏನನ್ನೂ ಸಾಬೀತು ಮಾಡಲಾಗುತ್ತಿರಲಿಲ್ಲ.

ದ್ರೋಹಿಯಾದವರಿಗೆ ಇಲ್ಲೇ ಪಾಠ ಇದೆ. ಡೆಸ್ಟಿನಿ ಕಟ್ಟಿನಲ್ಲಿ ಐದು ಬಣ್ಣಗಳ ಎರಡೆರಡು, ಒಟ್ಟು 10 ಕಾರ್ಡ್. ಎರಡು ಬಣ್ಣ ಕೇಳುವ ಪರೀಕ್ಷೆಯಲ್ಲಿ, ಹೊಸದಾಗಿ ತುಂಬಿದ ಕಟ್ಟಿನಿಂದ ಬರುವ ಎರಡೂ ಕೆಟ್ಟವಾಗುವ ಸಾಧ್ಯತೆ ಮೂರರಲ್ಲೊಂದು. ಮೂರು ಬಣ್ಣ ಕೇಳುವ ಪರೀಕ್ಷೆಯಲ್ಲಿ ಅದು 15ರಲ್ಲಿ 2. ಆದ್ದರಿಂದ ಒಂದೇ ಒಂದು ಕೆಟ್ಟ ಕಾರ್ಡನ್ನು ಮೂರು ಬಣ್ಣದ ಪರೀಕ್ಷೆಯಲ್ಲಿ ಹಾಕಿದರೆ ಸಾಕ್ಷಿ ಉಳಿಯುವುದು ಅಪರೂಪ. ಬಣ್ಣವನ್ನೂ ನೋಡಿಕೊಳ್ಳಬೇಕು. ಪ್ರತಿ ಪಾತ್ರವೂ ಯಾವ ಬಣ್ಣ ಎತ್ತುತ್ತದೆ ಎಂಬುದು ಎಲ್ಲರ ಎದುರೇ ಇರುತ್ತದೆ. ಮೇಜಿನಲ್ಲಿ ನೀಲಿ ಎತ್ತುವವರು ನೀವೊಬ್ಬರೇ ಆಗಿದ್ದರೆ ನೀಲಿ ಹಾಕಬೇಡಿ. ಹಲವು ಪಾತ್ರಗಳಿಗೆ ಸಿಗುವ ನೇರಳೆಯೇ ಒಳ್ಳೆಯ ಮುಸುಕು. ಹೊಸ ದ್ರೋಹಿಗಳು ಮೊದಲ ಪರೀಕ್ಷೆಯಲ್ಲೇ ಕೈಯಲ್ಲಿರುವ ಮೂರು ದೊಡ್ಡ ಕಾರ್ಡ್ ಸುರಿದು ಕೆಡುತ್ತಾರೆ.

ಮನುಷ್ಯರ ಕಡೆಯ ಮದ್ದು ಹಳದಿಯ 3ರಿಂದ 5ರ ಕಾರ್ಡ್‌ಗಳಲ್ಲಿದೆ. ಅದನ್ನು ಪರೀಕ್ಷೆಗೆ ಮುನ್ನ ಆಡಿದರೆ ಎಲ್ಲರೂ ಕಾರ್ಡನ್ನು ಮುಖ ಮೇಲೆ ಮಾಡಿಯೇ ಹಾಕಬೇಕು. ನೆಪ ಪೂರ್ತಿ ಕಳಚುತ್ತದೆ. ಇನ್ನೊಂದು ದಾರಿ ಸೆರೆಮನೆ: ಅಲ್ಲಿರುವವರು ಪರೀಕ್ಷೆಗೆ ಒಂದೇ ಕಾರ್ಡ್ ಹಾಕಬಹುದು. ಬಯಲಾದ ಸೈಲಾನ್‌ಗೂ ಕೆಲಸ ಉಂಟು, ಸ್ವಂತ ಸ್ಥಳಗಳಿಂದ ಬಿಕ್ಕಟ್ಟು ಎಬ್ಬಿಸುತ್ತಾ ಕೊನೆವರೆಗೂ ಆಡಬಹುದು. ಹೊಸಬರಿದ್ದರೆ ನಾಲ್ಕು ಗಂಟೆ ಹಿಡಿಯುತ್ತದೆ ಎಂಬುದೇ ಇದರ ದೊಡ್ಡ ಬೆಲೆ.

ಈಗ ಈ ಆಟ ಅಚ್ಚಿನಲ್ಲಿಲ್ಲ. ಇದರದೇ ಎಲುಬುಗೂಡಿನ ಮೇಲೆ 2021ರಲ್ಲಿ ಬಂದ ಅನ್‌ಫ್ಯಾದಮಬಲ್‌ನಲ್ಲಿ ಬಾಹ್ಯಾಕಾಶದ ಬದಲು 1913ರ ಹಡಗು, ಸೈಲಾನ್‌ಗಳ ಬದಲು ಸಮುದ್ರದ ಜೀವಿಗಳು. ಮುಚ್ಚಿ ಹಾಕುವ ಕಾರ್ಡಿನ ಪರೀಕ್ಷೆ ಹಾಗೇ ಉಳಿದಿದೆ.

ಡೆಡ್ ಆಫ್ ವಿಂಟರ್‌ನ ನೆಪ: ಎಲ್ಲರೂ ಸ್ವಾರ್ಥಿಗಳೇ

ಇಲ್ಲಿ ನಿಷ್ಠರಿಗೂ ಗುಟ್ಟಿನ ಗುರಿಯೊಂದಿದೆ. ಗುಂಪು ಗೆದ್ದರೆ ಸಾಲದು, ಆ ಗುರಿಯೂ ಮುಟ್ಟಿದರೆ ಮಾತ್ರ ನೀವು ಗೆದ್ದಂತೆ. ಹಾಗಾಗಿ ಔಷಧಿಯನ್ನೋ ಆಹಾರವನ್ನೋ ಬಚ್ಚಿಟ್ಟುಕೊಂಡವರೆಲ್ಲ ದ್ರೋಹಿಗಳಲ್ಲ. ಹೊರಗೆ ಹೋದಾಗ ಎಸೆಯುವ 12 ಮುಖದ ದಾಳವೂ ನೆಪವೇ: ಅದರ ಒಂದು ಮುಖದಲ್ಲಿ ಜಾಂಬಿಯ ಕಡಿತ ಇದೆ, ಬಿದ್ದರೆ ಆ ಪಾತ್ರ ಸಾಯುತ್ತದೆ, ಕಡಿತ ಅಲ್ಲಿರುವವರಿಗೂ ಹಬ್ಬಬಹುದು, ಪ್ರತಿ ಸಾವಿಗೂ ಮನೋಬಲ ಇಳಿಯುತ್ತದೆ. ದ್ರೋಹಿ ಅನಗತ್ಯವಾಗಿ ಓಡಾಡಿ "ದಾಳ ಕೈಕೊಟ್ಟಿತು" ಎಂದರೆ ಯಾರು ಏನು ಹೇಳಬಲ್ಲರು?

ಸುಳ್ಳು ಹೇಳಲು ಹಿಂಜರಿಯುವ ಗೆಳೆಯರಿಗೆ ಇದೇ ಸೂಕ್ತ, ಏಕೆಂದರೆ ಮೌನವೇ ಇಲ್ಲಿ ಸಹಜ. ಗುಂಪು ಬಹುಮತದಿಂದ ಗಡೀಪಾರು ಮಾಡಬಹುದು. ಆದರೆ ಇಬ್ಬರು ನಿಷ್ಠರು ಹೊರಬಿದ್ದರೆ ಮನೋಬಲ ಸೊನ್ನೆಗಿಳಿದು ಆಟವೇ ಮುಗಿಯುತ್ತದೆ. ಮೊದಲ ಗಡೀಪಾರು ತಪ್ಪಾದರೆ ಎರಡನೆಯದಕ್ಕೆ ಕೈ ನಡುಗುತ್ತದೆ.

ಕೆಡುವುದು ಕೊನೆಯ ಸುತ್ತುಗಳಲ್ಲಿ. ತನ್ನ ಗುರಿ ಇನ್ನು ಆಗದು ಎಂದು ಗೊತ್ತಾದ ನಿಷ್ಠರಿಗೆ ಗುಂಪಿನ ಗೆಲುವಿನಲ್ಲಿ ಏನೂ ಉಳಿಯುವುದಿಲ್ಲ, ಆಸಕ್ತಿ ಆರಿಹೋಗುತ್ತದೆ. ಗುರಿಗಳಲ್ಲಿ ಕೆಲವು ಬಲು ಸುಲಭ, ಕೆಲವು ಕಷ್ಟ. ಆ ಅಸಮತೆಯನ್ನು ಒಪ್ಪಿಕೊಂಡೇ ಕೂರಬೇಕು.

ಕ್ಯಾಮೆಲಾಟ್‌ನ ನೆಪ: ಕೆಡುಕು ಕಡ್ಡಾಯ

ಮೂರರಲ್ಲಿ ಕಲಿಯಲು ಸುಲಭ ಇದೇ. ಪ್ರತಿ ಸರದಿಯ ಆರಂಭದಲ್ಲಿ ಕೆಡುಕೊಂದನ್ನು ಆರಿಸಲೇಬೇಕು: ಕಪ್ಪು ಕಾರ್ಡ್ ಎತ್ತು, ಕೋಟೆಯ ಮುಂದೆ ಮುತ್ತಿಗೆ ಯಂತ್ರ ಇಡು, ಇಲ್ಲವೇ ನಿನ್ನದೇ ಒಂದು ಜೀವ ಕಳೆದುಕೋ. 12 ಯಂತ್ರ ಸೇರಿದರೆ ಸೋಲು. ನಿಷ್ಠರೂ ಯಂತ್ರ ಇಡುವುದರಿಂದ ದ್ರೋಹಿಗೆ ನೆಪ ಸಿಗುತ್ತದೆ, ಆದರೆ ತೆಳುವಾದದ್ದು. ನಾಲ್ಕು ಜೀವ ಇಟ್ಟುಕೊಂಡು ಸತತವಾಗಿ ಯಂತ್ರವನ್ನೇ ಇಡುವವರನ್ನು ಎರಡು ಸುತ್ತಿನಲ್ಲಿ ಗುರುತಿಸಬಹುದು.

ಇದರ ಸೊಗಸು ಕೊನೆಯ ಲೆಕ್ಕದಲ್ಲಿದೆ. ಗೆದ್ದ ಸಾಹಸಕ್ಕೆ ಬಿಳಿ, ಸೋತದ್ದಕ್ಕೆ ಕಪ್ಪು ಖಡ್ಗ ಮೇಜಿಗೆ ಬರುತ್ತದೆ; 12 ಖಡ್ಗ ತುಂಬಿದಾಗ ಬಿಳಿಯವು ಹೆಚ್ಚಿರಬೇಕು. ದ್ರೋಹಿ ಬಯಲಾಗದೆ ಉಳಿದಿದ್ದರೆ ಎರಡು ಬಿಳಿ ಖಡ್ಗ ಕಪ್ಪಾಗುತ್ತವೆ. ಅಂದರೆ 8-4 ಎಂಬ ನೆಮ್ಮದಿಯ ಗೆಲುವು 6-6 ಆಗಿ ಸೋಲಾಗುತ್ತದೆ. 9 ಬಿಳಿ ಇಲ್ಲದಿದ್ದರೆ ಆರೋಪ ಮಾಡಲೇಬೇಕು. ಆರೋಪ ತಪ್ಪಾದರೆ ಒಂದು ಬಿಳಿ ಅಲ್ಲೇ ಕಪ್ಪಾಗುತ್ತದೆ. 6 ಖಡ್ಗ ಅಥವಾ 6 ಯಂತ್ರ ಬರುವವರೆಗೆ ಆರೋಪಕ್ಕೆ ಅವಕಾಶವೇ ಇಲ್ಲ. ಬಯಲಾದ ದ್ರೋಹಿಯ ಪಾಡು ಮಾತ್ರ ಸಪ್ಪೆ: ಒಬ್ಬರ ಕೈಯಿಂದ ಒಂದು ಕಾರ್ಡ್ ಕಿತ್ತುಕೊಂಡು, ಕಪ್ಪು ಕಾರ್ಡ್ ಎತ್ತಿಯೋ ಯಂತ್ರ ಇಟ್ಟೋ ಸರದಿ ಮುಗಿಸಬೇಕು.

ಹಂಚುವಾಗಲೇ ಗುಟ್ಟು ಸೋರದಿರಲಿ

ಮೂರೂ ಆಟಗಳು ಹೆಚ್ಚಾಗಿ ಕೆಡುವುದು ಮೊದಲ ಐದು ನಿಮಿಷದಲ್ಲಿ. ಸೈಲಾನ್ ಕಾರ್ಡಿನಲ್ಲಿ ಬಯಲಾದಾಗಿನ ಶಕ್ತಿಯ ವಿವರಣೆ ಅಚ್ಚಾಗಿರುತ್ತದೆ, ಓದಲು ಹೊತ್ತು ಬೇಕು. ಮನುಷ್ಯರ ಕಾರ್ಡ್ ಒಂದೇ ನೋಟಕ್ಕೆ ಮುಗಿಯುತ್ತದೆ. ಯಾರ ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು ಎಂದು ಪಕ್ಕದವರು ಕಂಡರೆ ಮುಗಿಯಿತು. ಡೆಡ್ ಆಫ್ ವಿಂಟರ್‌ನಲ್ಲಿ "ಕೈಯಲ್ಲಿರುವ ಔಷಧಿಯೂ ಲೆಕ್ಕಕ್ಕೆ ಬರುತ್ತದಾ?" ಎಂಬ ಒಂದು ಪ್ರಶ್ನೆ ಗುರಿಯನ್ನೇ ಹೇಳಿಬಿಡುತ್ತದೆ. ಹಾಗಾಗಿ ಹಂಚುವ ಮೊದಲೇ ಎಲ್ಲ ಬಗೆಯ ಕಾರ್ಡ್‌ಗಳನ್ನೂ ಮೇಜಿನ ಮೇಲೆ ತೆರೆದಿಟ್ಟು, ಗಟ್ಟಿಯಾಗಿ ಓದಿ, ಅನುಮಾನಗಳನ್ನೆಲ್ಲ ಆಗಲೇ ಕೇಳಿ ಮುಗಿಸಿ. ಆಮೇಲೆ ಎಣಿಸಿ, ಕಲಸಿ, ಹಂಚಿ. ಒಬ್ಬರು ನಿಧಾನವಾಗಿ ಇಪ್ಪತ್ತರವರೆಗೆ ಎಣಿಸಲಿ. ಅಷ್ಟು ಹೊತ್ತೂ ಎಲ್ಲರೂ ತಮ್ಮ ಕಾರ್ಡನ್ನೇ ನೋಡುತ್ತಿರಬೇಕು, ಓದಿ ಮುಗಿದಿದ್ದರೂ.