ಚಿ-ಹಾ, ಶಿನ್‌ಹೋತೋ, ಚಿ-ನು: ಪ್ರಬಂಧಕ್ಕೆ ಯಾವುದು?

ಎರಡನೇ ಮಹಾಯುದ್ಧಕಾಲದ ಜಪಾನಿ ಮಧ್ಯಮ ಟ್ಯಾಂಕುಗಳಾದ ಚಿ-ಹಾ, ಶಿನ್‌ಹೋತೋ, ಚಿ-ನುಗಳಲ್ಲಿ ಪ್ರಬಂಧಕ್ಕೆ ಯಾವುದನ್ನು ಆರಿಸಬೇಕೆಂದು ಕೇಳಿದ್ದೀರಿ. ಮೊದಲು ನೋಡಬೇಕಾದದ್ದು ಫಿರಂಗಿ. ಚಿ-ಹಾದ 57 ಮಿ.ಮೀ. ಫಿರಂಗಿ ಕಾಲಾಳುಗಳ ನೆರವಿಗೆಂದು ರೂಪುಗೊಂಡದ್ದರಿಂದ ಅದರ ಗುಂಡಿನ ವೇಗ ಕಡಿಮೆಯಿತ್ತು. 1939ರಲ್ಲಿ ಮಂಗೋಲಿಯಾ-ಮಂಚೂರಿಯಾ ಗಡಿಯ ಖಾಲ್ಖಿನ್ ಗೋಲ್‌ ಕದನದಲ್ಲಿ ಸೋವಿಯತ್ ಟ್ಯಾಂಕುಗಳೆದುರು ಈ ಕೊರತೆ ಬಯಲಾಯಿತು. ಚಿ-ಹಾದ ಅದೇ ಒಡಲಿನ ಮೇಲೆ ದೊಡ್ಡ ಗೋಪುರವನ್ನೂ 47 ಮಿ.ಮೀ. ಫಿರಂಗಿಯನ್ನೂ ಕೂರಿಸಿದ್ದೇ ಶಿನ್‌ಹೋತೋ; ನಳಿಕೆಯ ವ್ಯಾಸ ಕಿರಿದಾದರೂ ಗುಂಡಿನ ವೇಗ ಹೆಚ್ಚಾದ್ದರಿಂದ ಉಕ್ಕನ್ನು ಭೇದಿಸುವುದರಲ್ಲಿ ಇದೇ ಮೇಲು. ಚಿ-ನುವಿನದು 75 ಮಿ.ಮೀ.

ಕವಚದಲ್ಲಿ ಮೊದಲೆರಡೂ ಸುಮಾರು 25 ಮಿ.ಮೀ.ಗೆ ನಿಂತರೆ, ಚಿ-ನುವಿನ ಮುಂಭಾಗದ ದಪ್ಪ 50 ಮಿ.ಮೀ. ಆದರೆ ತಾಯ್ನಾಡಿನ ರಕ್ಷಣೆಗೆಂದು ಕಾದಿರಿಸಿದ ಅದು ಕದನವನ್ನೇ ಕಾಣಲಿಲ್ಲ.

ರಣರಂಗದ ಅನುಭವ ಬೇಕಿದ್ದವರಿಗೆ ಚಿ-ಹಾ ಒದಗುತ್ತದೆ, ಇದ್ದ ಟ್ಯಾಂಕನ್ನೇ ತಿದ್ದಿದ ಬಗೆಯನ್ನು ವಿವರಿಸುವವರಿಗೆ ಶಿನ್‌ಹೋತೋ. ಉಕ್ಕಿನ ಹೆಚ್ಚಿನ ಪಾಲು ಹಡಗು, ವಿಮಾನಗಳಿಗೆ ಹೋಗುತ್ತಿದ್ದಾಗ ತಡವಾಗಿ ಬಂದ ವಿನ್ಯಾಸದ ಪಾಡು ನಿಮ್ಮ ವಿಷಯವಾದರೆ ಚಿ-ನುವನ್ನು ಆರಿಸಿ.